ಲಾರಿಯಿಂದ ಲಾರಿಗೆ ದಾಟಿದ ಮಾತು

ಪಣಜಿ, ಸೋಮವಾರ

ನನ್ನ ಅಮ್ಮಾ,

ಫೋನಿನಲ್ಲಿ ಹೇಳಿದರೆ ನೀನು ಮಾತು ತಿರುಗಿಸುತ್ತೀ. ಅದಕ್ಕೇ ಈ ಪತ್ರ. ಶುಕ್ರವಾರ ಕಾಲೇಜಿನಲ್ಲಿ ನನ್ನ ಕೊನೆಯ ಪಾಠ, ಆಮೇಲೆ ನಿವೃತ್ತಿ. ಬಾ ಎಂದರೆ ನೀನು, "ನನಗೇನ್ ತಿಳೀತೈತಿ ಅಲ್ಲಿ? ಶ್ಯಾಣ್ಯಾರ ನಡುವ ಸುಮ್ನ ಕುಂತು ಏನ್ ಮಾಡ್ಲಿ?" ಅಂದುಬಿಟ್ಟೆ. ನೀನಿಲ್ಲದೆ ಆ ಪಾಠ ಮಾಡಲು ನನಗೆ ಮನಸ್ಸಿಲ್ಲ.

ಕಂಪ್ಯೂಟರ್ ನೆಟ್‌ವರ್ಕ್ ಪ್ರೊಫೆಸರ್ ಎಂದರೆ ನಮ್ಮೂರು ಕುಡಚಡೆಯಲ್ಲಿ ಯಾರಿಗೆ ಏನು ಅರ್ಥವಾಗಬೇಕು? ನಾನು ಮನೆಗೆ ಬಂದರೆ ಸಾಕು, ನೀನು ಓಣಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದೆ. ಮೆಹಬೂಬಿ ಚಾಚಿ ಮೊಬೈಲ್ ಹಿಡಿದು ಹಾಜರು: "ಆರ್ಜೂ, ನಮ್ಮ ಮನ್ಯಾಗ ಟವರ್ ಸಿಗವಲ್ದು, ಒಂದೀಟು ನೋಡವಾ." ನಾನು ಗಂಭೀರವಾಗಿ ಅದನ್ನು ಕಿಟಕಿಯ ಬಳಿ ಹಿಡಿಯುತ್ತಿದ್ದೆ. ಎರಡು ಗೆರೆ ಬಂದರೆ ನಿನ್ನ ಮುಖ ನೋಡಬೇಕಿತ್ತು! ನನಗೆ ಪಿಎಚ್‌ಡಿ ಬಂದಾಗಲೂ ನೀನು ಅಷ್ಟು ಬೀಗಿರಲಿಲ್ಲ.

ಈಗ ಖರೇ ಸಂಗತಿ ಕೇಳು. ಅಬ್ಬಾ ಅದಿರಿನ ಲಾರಿ ಓಡಿಸುತ್ತಿದ್ದಾಗ ನಮಗೆ ಫೋನ್ ಇರಲಿಲ್ಲ. ಗಣಿಯಲ್ಲಿ ಅವರ ಸರತಿ ತಡವಾದರೆ, ಮೊದಲು ಹೊರಟ ಲಾರಿಯವನಿಗೆ ಹೇಳಿ ಕಳಿಸುತ್ತಿದ್ದರು. ಅವನು ಸಾವರ್ಡೆಯಲ್ಲಿ ಇನ್ನೊಬ್ಬನಿಗೆ ದಾಟಿಸುತ್ತಿದ್ದ. ಕೊನೆಗೆ ಗುರುಲಿಂಗ ಕಾಕಾ ನಮ್ಮ ಬಾಗಿಲಲ್ಲಿ ಹಾರ್ನ್ ಹೊಡೆದು, "ವೈನಿ, ಮೀರಾಸಾಬ ತಡಾ ಮಾಡಿ ಬರ್ತಾನಂತರಿ. ಹುಡುಗಿಗೆ ಮಲಗಬ್ಯಾಡ ಅನ್ರಿ, ಜಿಲೇಬಿ ತರಾಕತ್ತಾನ" ಎನ್ನುತ್ತಿದ್ದರು. ಆಗಲೇ ನೀನು ಬಾಗಿಲು ಬಿಟ್ಟು ಒಳಗೆ ಬರುತ್ತಿದ್ದುದು.

ಬದುಕಿಡೀ ನಾನು ಮಾಡಿದ್ದೂ ಇದನ್ನೇ ಅಮ್ಮಾ. ಬಸ್ಸಿಗೆ ಕಟ್ಟಿದ ಸಣ್ಣ ಡಬ್ಬಿಯೊಂದು ಸಿಗ್ನಲ್ ಇಲ್ಲದ ಊರಿನ ಸಂದೇಶವನ್ನು ಎತ್ತಿಕೊಂಡು ಬಂದು, ಸಿಗ್ನಲ್ ಇರುವಲ್ಲಿ ದಾಟಿಸುತ್ತದೆ. ಮಾತು ದಾರಿಯಲ್ಲಿ ಕಳೆಯದಂತೆ ನೋಡಿಕೊಳ್ಳುವುದರಲ್ಲೇ ನನ್ನ ಕೂದಲು ಬೆಳ್ಳಗಾಯಿತು. ಎಷ್ಟೋ ಮಕ್ಕಳಿಗೆ ಅದನ್ನು ಕಲಿಸಿದೆ. ನಾನು ಸುಖವಾಗಿದ್ದೆ, ಈಗಲೂ ಇದ್ದೇನೆ.

ಶುಕ್ರವಾರದ ಪಾಠ ಶುರುವಾಗುವುದೇ ಅಬ್ಬಾನ ಜಿಲೇಬಿಯಿಂದ. ಆ ಸುದ್ದಿಗಾಗಿ ಬಾಗಿಲಲ್ಲಿ ನಿಂತು ಕಾದವಳು ನೀನು. ನಿನಗೆ ತಿಳಿಯದ್ದು ಅಲ್ಲಿ ಏನಿದೆ ಹೇಳು?

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ನಮ್ಮ ಕಾಲೇಜು ಬಸ್ಸಿನ ದೇವು ಮಡಗಾಂವ್‌ನಲ್ಲಿ ಇದನ್ನು ಕುಡಚಡೆಗೆ ಬರುವ ಮೌಲಾಸಾಬನ ಟೆಂಪೋಗೆ ಕೊಡುತ್ತಾನೆ. ಮೌಲಾಸಾಬ ನಿನ್ನ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಾನೆ. ಫೋನ್ ಮಾಡಬೇಡ. "ಬರಾಕತ್ತೇನಿ" ಅಂತ ಅವನ ಬಾಯಲ್ಲೇ ಹೇಳಿ ಕಳಿಸು.

ಆ ಮಾತು ಬರುವ ತನಕ ನಾನು ಮಲಗುವುದಿಲ್ಲ.

ನಿನ್ನ ದುವಾ ನನ್ನ ತಲೆಯ ಮೇಲಿರಲಿ. ಅಲ್ಲಾಹ ನಿನ್ನನ್ನು ಗಟ್ಟಿಯಾಗಿಟ್ಟಿರಲಿ.

ಜಿಲೇಬಿಗೆ ಕಾಯುವ ನಿನ್ನ ಮಗಳು,
ಆರ್ಜೂ