ಕಾಯಿಸಿ ಆರಿಸಿದ ನೀರು

ಮನೆಯಿಂದ, ಮಾರ್ಚ್ ೪, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯಲ್ಲಿ ಸುಟ್ಟುಕೊಂಡಿದ್ದ ಕೈ ವಾಸಿಯಾಯಿತೇ? ಊಟ ಸೇರುತ್ತಿದೆಯೇ? ನಾನು ಚೆನ್ನಾಗಿದ್ದೇನೆ ಎಂದರೆ ನೀನು ನಂಬುವುದಿಲ್ಲ. ಮಗಳು ಮಲಗಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಬಳಿ ಬೆರಳು ಹಿಡಿಯುತ್ತೇನೆ, ಎದ್ದರೆ ಯಾಕೆ ಎದ್ದಳೋ ಎಂದು ಹೆದರುತ್ತೇನೆ. 'ನಿದ್ದೆಗೆಡೋದಕ್ಕೊಂದು ಡಿಗ್ರಿ ಇದ್ದಿದ್ರೆ ನಿಂಗೇ ಮೊದಲ ರ‍್ಯಾಂಕು' ಎಂದು ನಿನ್ನ ಭಾವ ಅಣಕಿಸುತ್ತಾರೆ. ಅಮ್ಮ ಈಚೆಗೆ ಸ್ವಲ್ಪ ಇಳಿದಿದ್ದಾಳೆ. ಅದನ್ನು ಆಮೇಲೆ ಬರೆಯುತ್ತೇನೆ.

ನಿನ್ನ ಕಂಪ್ಯೂಟರ್ ಕೆಟ್ಟಿದೆ. ಕೋಪ ಮಾಡಿಕೊಳ್ಳದೆ ಪೂರ್ತಿ ಓದು. ನೀನು ಹೊರಟ ದಿನ ಅಮ್ಮ ಆಡಿದ ಮಾತು ನನಗೂ ಮರೆತಿಲ್ಲ: 'ಆ ಡಬ್ಬಕ್ಕೆ ತೋರಿಸೋ ಅಕ್ಕರೆಯಲ್ಲಿ ಕಾಲುಭಾಗ ನಂಗೆ ತೋರಿಸಿದ್ದಿದ್ರೆ!' ಅಂದಿನಿಂದ ಫೋನ್ ಮಾಡಿದರೂ ನನ್ನನ್ನೇ ಕೇಳುತ್ತೀಯ. ಅಮ್ಮ ಪಕ್ಕದಲ್ಲೇ ನಿಂತು ಮಗುವಿನ ಬಟ್ಟೆ ಮಡಚುತ್ತಿರುತ್ತಾಳೆ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಾಳೆ. ಆ ಅಮ್ಮನೇ ದಿನಾ ನಿನ್ನ ಕೋಣೆಗೆ ಹೋಗಿ, ಡಬ್ಬದ ಧೂಳು ಒರೆಸಿ, ಚಾಲೂ ಮಾಡಿ, ಗಾಜಿನಾಚೆ ಕೊಳವೆಗಳಲ್ಲಿ ಅದನ್ನು ತಂಪಾಗಿಡುವ ನೀಲಿ ದ್ರವ ಹರಿಯುವುದನ್ನು ನೋಡುತ್ತಾ ಕೂರುತ್ತಿದ್ದಳು. ಪಂಪಿನ ಗುಂಯ್ ಸದ್ದಿಗೆ ಮಗು ಅವಳ ತೊಡೆಯ ಮೇಲೇ ನಿದ್ದೆ ಹೋಗುತ್ತಿತ್ತು.

ವರ್ಷಕ್ಕೊಮ್ಮೆ ಹಳೆಯ ದ್ರವ ಬಸಿದು ಹೊಸದು ತುಂಬಬೇಕು, ಆಮೇಲೆ ಡಬ್ಬವನ್ನು ಅತ್ತಿತ್ತ ವಾಲಿಸಿ ಗಾಳಿಗುಳ್ಳೆ ಬಿಡಿಸಬೇಕು ಎಂದು ನೀನು ತೋರಿಸಿಕೊಟ್ಟಿದ್ದೆ. ಆಗ ನಾನು ಬಸುರಿ. 'ಮಗೂಗೆ ತೇಗು ಬರಿಸೋದೂ ಹಿಂಗೇ ಅಕ್ಕಾ, ಈಗ್ಲೇ ಕಲ್ತ್ಕೋ' ಎಂದು ನಕ್ಕಿದ್ದೆ. ಹೆರಿಗೆ, ಆಸ್ಪತ್ರೆ ಎಂದು ಬಸಿಯುವುದು ಹಾಗೇ ಉಳಿಯಿತು. ಡಬ್ಬದೊಳಗಿನ ಪುಟ್ಟ ತೊಟ್ಟಿಯಲ್ಲಿ ದ್ರವದ ಮಟ್ಟ ಇಳಿಯುತ್ತಿದ್ದುದು ಅಮ್ಮನ ಕಣ್ಣಿಗೆ ಮಾತ್ರ ಬಿತ್ತು. ಏನು ಮಾಡಿದಳು ಗೊತ್ತೇ? ಮಗುವಿಗೆಂದು ಕಾಯಿಸಿ ಆರಿಸಿಟ್ಟ ನೀರನ್ನೇ ಬಟ್ಟೆಯಲ್ಲಿ ಸೋಸಿ, ಚಮಚದಿಂದ ಅದಕ್ಕೂ ಹಾಕುತ್ತಾ ಬಂದಳು. ನಮಗ್ಯಾರಿಗೂ ಹೇಳಲಿಲ್ಲ.

ಹೋದ ವಾರ ಅದು ಕರಕರ ಸದ್ದು ಮಾಡಿ, ಕಾದು, ನಿಂತುಹೋಯಿತು. ರಿಪೇರಿಯವರು ಬಿಚ್ಚಿದರೆ ಒಳಗೆಲ್ಲ ಹಸಿರು ಲೋಳೆ, ನೀರು ಕಾಯಿಸುವ ಪಾತ್ರೆಯ ತಳದಂಥ ಬಿಳಿ ಹಕ್ಕಳೆ. ಪಂಪು ಸುಟ್ಟಿತ್ತು. 'ಯಾರ್ರೀ ಇದಕ್ಕೆ ನಲ್ಲಿ ನೀರು ಕುಡಿಸಿದ್ದು? ಕಾಯಿಸಿದ್ರೆ ಅದರ ಉಪ್ಪು ಹೋಗುತ್ತಾ?' ಎಂದರು. 'ಮಗೂಗೇ ಅದನ್ನ ಕೊಡ್ತೀವಲ್ಲಪ್ಪ, ಇದಕ್ಕೇನಾಗುತ್ತೆ?' ಎಂದಳು ಅಮ್ಮ. ಅವರಿಗೆ ನಗು ಬಂತು. ಅಮ್ಮನ ಮುಖ ನೋಡಿ ನಾನು ಮಗುವನ್ನೆತ್ತಿಕೊಂಡು ಆಚೆ ಬಂದೆ. 'ಅವನು ಬಿಟ್ಟುಹೋಗಿದ್ದು ಇದೊಂದೇ. ಅದನ್ನೂ ನಾನೇ ಕೊಂದೆ' ಎಂದವಳು ಮತ್ತೆ ನಿನ್ನ ಕೋಣೆಯ ಕಡೆ ಸುಳಿದಿಲ್ಲ. ತಟ್ಟೆಯ ಮುಂದೆ ಕೂತು ಹಾಗೇ ಏಳುತ್ತಾಳೆ. ಪಂಪಿನ ಆ ಸದ್ದಿಲ್ಲದೆ ಮಗುವೂ ಮಲಗುತ್ತಿಲ್ಲ.

ಎಣ್ಣೆಗೈಯಲ್ಲಿ ಕಣ್ಣುಜ್ಜಿಕೊಳ್ಳಬೇಡ. ಭಾವ ಕೇಳಿದರೆಂದು ತಿಳಿ, ಸೊಸೆಯ ಪರವಾಗಿ ಒಂದು ಜೊಲ್ಲುಮುತ್ತು.

ನಿನ್ನ
ಅಕ್ಕ

ಮತ್ತೆ: ಅಮ್ಮ ಬಚ್ಚಲಿಗೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಅವಳು ಇಳಿದಿರುವುದು ಕಾಯಿಲೆಯಿಂದ, ಅದು ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ನಮಗೆ ಹೇಳಿದ್ದಾರೆ, ಅವಳಿಗೆ ಹೇಳಿಲ್ಲ. ಮುಂದಿನ ಬಂದರಿನಿಂದ ಫೋನ್ ಮಾಡು. ನನ್ನನ್ನು ಕೇಳಬೇಡ, ಅಮ್ಮನನ್ನು ಕೇಳು. ಪಂಪು ಮೊದಲೇ ಕೆಟ್ಟಿತ್ತು, ಇಷ್ಟು ದಿನ ನಡೆದದ್ದು ನಿನ್ನಿಂದಲೇ ಅಮ್ಮಾ ಎನ್ನು. ಸುಳ್ಳು ಅಂತ ನನಗೆ ಗೊತ್ತು. ಹೇಳಿಬಿಡೋ.