ಬೆಕ್ಕಿನ ಕಿಂಡಿ

ಮಾರ್ಚ್ ೪, ಸಂಜೆ

ಕೆಳಗಿನ ಕೋಣೆಗಳನ್ನೆಲ್ಲ ಅಳೆದು ಮುಗಿಯಿತು. ಟೇಪಿನ ಇನ್ನೊಂದು ತುದಿ ಹಿಡಿಯಬೇಕಾದ ತಮ್ಮ ಅರ್ಧ ಹೊತ್ತು ಫೋನಿನಲ್ಲೇ. ಆಫೀಸಿನಲ್ಲಿ ಕಂಡವರ ಮನೆಗಳ ನಕ್ಷೆ ಬರೆದು ಬರೆದು ಸಾಕಾಗಿತ್ತು. ತಾತ ಹೊಲದ ನಡುವೆ ಕಟ್ಟಿಸಿದ ಮನೆಗೆ ಈಗ ಪೆನ್ಸಿಲ್ ಹಿಡಿದಿದ್ದೇನೆ. ರಿಪೇರಿಗೆ ಮುಂಚೆ ಇದ್ದದ್ದನ್ನು ಇದ್ದಹಾಗೆ ಬರೆದಿಡಬೇಕು. ಮಣ್ಣಿನ ಗೋಡೆ, ಮೊಳಕ್ಕಿಂತ ದಪ್ಪ. ಎಲ್ಲೂ ಬಿರುಕಿಲ್ಲ. ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಮಾರ್ಚ್ ೫

ಕೊಟ್ಟಿಗೆಯ ಮೇಲಿನ ಕಾಳಿನ ಕೋಣೆ. ರಿಪೇರಿ ಆದಮೇಲೆ ಇದು ನನ್ನದು. ಮೇಜು ಕಿಟಕಿಯ ಹತ್ತಿರ — ಕಿಟಕಿಯೇ ಇಲ್ಲ, ಇಡಿಸಬೇಕು. ಬಾಗಿಲ ಬುಡದಲ್ಲಿ ಬೆಕ್ಕಿನ ಕಿಂಡಿ. ಇಲಿ ಹಿಡಿಯಲು ಬೆಕ್ಕು ಓಡಾಡಲಿ ಅಂತ ತಾತ ಮಾಡಿಸಿದ್ದಂತೆ.

"ಬೆಕ್ಕಿಗೆ ಇಷ್ಟು ಅಗಲ ಯಾಕೋ?"

"ತಾತನ ಕಾಲದ ಬೆಕ್ಕು ಕಣಕ್ಕಾ. ಹಾಲು ಮೊಸರು ತಿಂದು ಬೆಳೆದಿದ್ದು."

ಇಬ್ಬರೂ ನಕ್ಕೆವು. ಅತ್ತೆ ನಗಲಿಲ್ಲ. ಅಪ್ಪನ ತಂಗಿ, ಆ ತಲೆಮಾರಿಗೆ ಈಗ ಉಳಿದಿರುವವರು ಅವರೊಬ್ಬರೇ. ಮಂಡಿನೋವು ಅಂತ ಮೇಲೆ ಹತ್ತುವುದೇ ಇಲ್ಲ, ಮೆಟ್ಟಿಲ ಕೆಳಗೇ ನಿಂತಿದ್ದರು.

ಮಾರ್ಚ್ ೭, ಮಧ್ಯಾಹ್ನ

ಏನೋ ಸರಿಯಿಲ್ಲ. ಆ ಕೋಣೆಯ ಹೊರಗೋಡೆಯಲ್ಲಿ ನೀರು ಹೊರಬೀಳುವ ಕಲ್ಲಿನ ದೋಣಿಯೊಂದು ಚಾಚಿದೆ. ಮಳೆನೀರಿನದು ಅಂತ ನಿನ್ನೆ ನಕ್ಷೆಯಲ್ಲಿ ಬರೆದುಬಿಟ್ಟಿದ್ದೆ. ಇವತ್ತು ಹೊಳೆಯಿತು — ಸೂರು ಎಷ್ಟೋ ಮೇಲಿದೆ, ಮಳೆನೀರು ಅಲ್ಲಿಗೆ ಬರುವುದೇ ಇಲ್ಲ. ಒಳಗೆ ಹೋಗಿ ಮೂಲೆಯ ಹಳೆ ಹೊಟ್ಟು ಗುಡಿಸಿದೆ. ಅಡಿಯಲ್ಲಿ ಕಲ್ಲುಚಪ್ಪಡಿ, ಇಳಿಜಾರು, ಗೋಡೆಗೆ ತೂತು.

ಬಚ್ಚಲು.

ಕಾಳು ತುಂಬುವ ಕೋಣೆಯಲ್ಲಿ ಯಾರಾದರೂ ನೀರು ಹುಯ್ಯುತ್ತಾರಾ?

ಬಾಗಿಲ ಹತ್ತಿರ ಕೂತೆ. ಕಿಂಡಿಯ ಕೆಳಹಲಗೆ ಸವೆದು ಹಳ್ಳವಾಗಿದೆ. ತಟ್ಟೆಯ ಅಗಲಕ್ಕೆ. ಚಿಲಕ ಹೊರಗಡೆ. ನಕ್ಷೆಯಲ್ಲಿ ಬಾಗಿಲು ಯಾವ ಕಡೆ ತೆರೆಯುತ್ತದೆಂದು ತೋರಿಸುತ್ತೇವೆ, ಚಿಲಕ ಯಾವ ಕಡೆ ಅಂತ ತೋರಿಸುವುದಿಲ್ಲ.

ಅದೇ ದಿನ, ಸಂಜೆ

ಅತ್ತೆಯನ್ನು ಕೇಳಿಯೇಬಿಟ್ಟೆ. ಬಟ್ಟೆ ಮಡಚುತ್ತಿದ್ದರು. ಕೈ ನಿಲ್ಲಲಿಲ್ಲ.

"ಅಕ್ಕ ಇದ್ಲು ಅಲ್ಲಿ."

ದೊಡ್ಡತ್ತೆ. ಚಿಕ್ಕಂದಿನಲ್ಲೇ ಜ್ವರ ಬಂದು ತೀರಿಹೋದಳು ಅಂತ ನಮಗೆ ಹೇಳಿದ್ದ ದೊಡ್ಡತ್ತೆ.

"ಮೂರ್ಛೆ ಬರ್ತಿತ್ತು ಅವಳಿಗೆ. ನಾಲ್ಕು ಜನಕ್ಕೆ ಗೊತ್ತಾದ್ರೆ ನನಗೂ ನಿಮ್ಮಪ್ಪನಿಗೂ ಸಂಬಂಧ ಕುದುರಲ್ಲ ಅಂತ."

"ಅದಕ್ಕೆ ಆ ಕೋಣೆ ಮಾಡಿಸಿದ್ರಾ?"

"ಕೋಣೆಯಲ್ಲ, ಮನೆ ಕಟ್ಟಿಸಿದ್ದೇ ಅದಕ್ಕೆ. ಹಳೇ ಮನೇಲಿ ಕೂಗಿದ್ರೆ ಬೀದಿಗೆ ಕೇಳ್ತಿತ್ತು. ಗೋಡೆ ಅಷ್ಟು ದಪ್ಪ ಯಾಕೆ ಅಂದ್ಕೊಂಡೆ?"

"ಯಾವಾಗಿನವರೆಗೆ ಇದ್ರು?"

"ನೀನು ಅಂಬೆಗಾಲಿಡೋವಾಗ್ಲೂ ಇದ್ಲು."

"ಊಟ ಯಾರು ಕೊಡ್ತಿದ್ರು, ಅತ್ತೆ?"

"ಮದುವೆಯಾಗಿ ಹೋಗೋವರೆಗೂ ನಾನೇ. ತಟ್ಟೆ ತಳ್ಳಿದ್ರೆ ತಟ್ಟೆ ಬಿಟ್ಟು ನನ್ನ ಬೆರಳು ಹಿಡ್ಕೊಳ್ಳೋಳು. ಬಿಡಿಸ್ಕೊಂಡು ಓಡಿಬರ್ತಿದ್ದೆ."

ಅಪ್ಪನ ಮದುವೆ ಆಗಲಿ ಅಂತ. ಅಂದರೆ ನಾನು ಹುಟ್ಟಲಿ ಅಂತ...

ಮಾರ್ಚ್ ೧೯

ನಕ್ಷೆ ಮುಟ್ಟಿಲ್ಲ. ತಮ್ಮನಿಗೆ ಹೇಳಿದ ದಿನ ಅವನು ಊಟ ಬಿಟ್ಟು ಎದ್ದ. ಇವತ್ತು ಬಡಗಿ ಬಂದಿದ್ದ. ಆ ಚಿಲಕ ಕಿತ್ತು ಬಿಸಾಡಪ್ಪ ಅಂದೆ. ಕೆಳಗಿನಿಂದ ಅತ್ತೆಯ ದನಿ:

"ಬಿಸಾಡ್ಬೇಡ. ಒಳಗಡೆ ಹಾಕು."

ಬಡಗಿ ನನ್ನ ಮುಖ ನೋಡಿದ. ಅತ್ತೆ ಹೇಳಿದಷ್ಟು ಮಾಡು ಅಂದೆ.

ಮಾರ್ಚ್ ೨೦, ಮಧ್ಯಾಹ್ನ

ಬೆಳಿಗ್ಗೆ ಅತ್ತೆ ಮೇಲೆ ಹತ್ತಿದರು. ಒಬ್ಬರೇ, ಗೋಡೆ ಹಿಡಿದು. ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಇನ್ನೂ ತೆಗೆದಿಲ್ಲ. ಬಾಗಿಲು ಒಡೆಯೋಣ ಅಂದ ತಮ್ಮ, ಬೇಡ ಅಂದೆ. ಊಟದ ಹೊತ್ತು ಮೀರಿತು. ತಟ್ಟೆ ತಂದು ಹೊರಗೆ ಕೂತಿದ್ದೇನೆ. ಭಯವಾಗುತ್ತಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಒಳಗಿನಿಂದ ಸದ್ದೇ ಇಲ್ಲ. ಇದ್ದರೂ ಕೇಳಿಸುವ ಗೋಡೆಯಲ್ಲ.

"ಅತ್ತೆ, ಊಟ ತಂದಿದೀನಿ."

ತಟ್ಟೆಯನ್ನು ಕಿಂಡಿಗೆ ತಳ್ಳಿದೆ. ಅಳತೆ ತೆಗೆದು ಮಾಡಿಸಿದಂತೆ ಸಲೀಸಾಗಿ ಹೋಯಿತು. ಹೋಗಿ ಅಲ್ಲೇ ನಿಂತಿದೆ, ಯಾರೂ ಎಳೆದುಕೊಳ್ಳುತ್ತಿಲ್ಲ.

ಕೈ ಬಂತು. ತಟ್ಟೆಗಲ್ಲ. ನೆಲದ ಮೇಲೆ ತಡಕಾಡುತ್ತಿದೆ. ನನ್ನ ಬೆರಳು ಬೇಕು ಅವರಿಗೆ. ಪೆನ್ನು ಕೆಳಗಿಡಬೇಕು —