ಪೆಗ್ಗಿಯ ತೆರೆದ ಕಣ್ಣು

ಥರ್ಲ್ಸ್,
ಮಾರ್ಚ್ ೧೧, ಬುಧವಾರ

ನನ್ನ ಮುದ್ದು ಡರ್ವ್ಲಾ,

ನಿನ್ನೆ ನೀನು ಫೋನಿನಲ್ಲಿ ಅಳುತ್ತಿದ್ದಾಗ ಹೇಳಬೇಕಾದ್ದನ್ನು ನಾನು ಹೇಳಲಿಲ್ಲ. ಅದಕ್ಕೇ ಈ ಕಾಗದವನ್ನು ನಿನ್ನಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಮುಗಿಸುವವರೆಗೆ ಅವರಿಗೊಂದು ಚಹಾ ಕೊಟ್ಟು ಕೂರಿಸು.

ನಮ್ಮ ಮೊಮ್ಮಗಳು ಕ್ಲೋಡಾಳ ತುಟಿಗೆ ಹೊಲಿಗೆ ಹಾಕುವಂತಾಯಿತು. ನಾಲ್ಕು ವರ್ಷದ ಕೂಸು, ಸೋಫಾದಲ್ಲಿ ಪೆಗ್ಗಿಯನ್ನು ಅಪ್ಪಿಕೊಳ್ಳಲು ಹೋಯಿತು, ಅಷ್ಟೇ. "ಕಣ್ಣು ಬಿಟ್ಕೊಂಡು ಅವಳ ಮುಖಾನೇ ನೋಡ್ತಾ ಇತ್ತಮ್ಮ, ನೋಡ್ತಾ ನೋಡ್ತಾನೇ ಕಚ್ತು. ಬೇಕಂತ ಕಚ್ಚೋ ನಾಯೀನ ಮನೇಲಿ ಹೇಗಿಟ್ಕೊಳ್ಳಲಿ?" ಅಂತ ನೀನಂದೆ. ಶುಕ್ರವಾರ ಡಾಕ್ಟರ ಹತ್ತಿರ ಒಯ್ದು ಸೂಜಿ ಹಾಕಿಸಿ ಮುಗಿಸಿಬಿಡುತ್ತೇನೆ ಅಂದೆ. ಯಾವ ತಾಯಿಯಾದರೂ ಹಾಗೇ ಅನ್ನುತ್ತಾಳೆ.

ಪೆಗ್ಗಿ ನೋಡುತ್ತಿರಲಿಲ್ಲ, ಮಗಳೇ. ನಿದ್ದೆ ಮಾಡುತ್ತಿದ್ದಳು. ಈ ಓಟದ ನಾಯಿಗಳಲ್ಲಿ ಎಷ್ಟೋ ಕಣ್ಣು ತೆರೆದೇ ಮಲಗುತ್ತವೆ. ಅದಕ್ಕೇ ಇಲ್ಲಿ ನಾವೆಲ್ಲ ಗೂಡಿನ ಚಿಲಕ ಗಲಗಲಿಸಿ, ಹೆಸರು ಕೂಗಿ, ಅವು ತಲೆ ಎತ್ತಿದ ಮೇಲಷ್ಟೇ ಒಳಗೆ ಕಾಲಿಡುವುದು. ನಿದ್ದೆಯಲ್ಲಿ ಮುಟ್ಟಿದರೆ ಬೆಚ್ಚಿ ಬಾಯಿ ಹಾಕುತ್ತವೆ. ಯಾರಿಗೆ ಅಂತ ಅವಕ್ಕೂ ಗೊತ್ತಿರುವುದಿಲ್ಲ. ನಿನ್ನಪ್ಪ ಪಂದ್ಯಕ್ಕೆ ನಾಯಿ ಓಡಿಸುವ ಈ ಹುಚ್ಚು ಹಿಡಿಸಿಕೊಂಡದ್ದೇ ನೀನು ಮದುವೆಯಾಗಿ ಕಾರ್ಕ್‌ಗೆ ಹೋದ ಮೇಲೆ. ನಿನಗೆ ಇದು ಹೇಗೆ ಗೊತ್ತಾಗಬೇಕು?

ನಾನು ಹೇಳಲು ಮರೆತೆ.

ಪೆಗ್ಗಿಯ ಓಟ ಮುಗಿದು ನೀನು ಕರೆದೊಯ್ಯಲು ಬಂದ ದಿನ ಎಷ್ಟು ಮಾತಾಡಿದೆ ನಾನು! ಮೆಟ್ಟಿಲು ಕಂಡೇ ಇಲ್ಲ, ಒಂದೊಂದೇ ಕಲಿಸು. ಗಾಜಿನ ಬಾಗಿಲಿಗೆ ಕಾಗದ ಅಂಟಿಸು, ಇಲ್ಲದಿದ್ದರೆ ಓಡಿ ಬಂದು ಮೂತಿ ಒಡೆದುಕೊಳ್ಳುತ್ತಾಳೆ. ಮೈಮೇಲೆ ಕೊಬ್ಬಿಲ್ಲ, ಚಳಿಗೆ ಕೋಟು ಹಾಕು. ಪಾದ ತೊಳೆಯುವ ಉಪ್ಪುನೀರು ಎಷ್ಟು ಬೆಚ್ಚಗಿರಬೇಕು ಅನ್ನುವುದನ್ನೂ ಹೇಳಿದೆ. ಇಷ್ಟೆಲ್ಲ ನೆನಪಿದ್ದವಳಿಗೆ ಅದೊಂದೇ ಮರೆಯಿತೇ ಅಂತ ನೀನು ಕೇಳುತ್ತೀಯ, ಕೇಳಬೇಕಾದ್ದೇ. ಮರೆತಿರಲಿಲ್ಲ, ಡರ್ವ್ಲಾ. ನೀನು ಕಾರಿನ ಹಿಂದಿನ ಸೀಟಿಗೆ ಕಂಬಳಿ ಹಾಸುತ್ತಿದ್ದೆ. ನಿನ್ನಪ್ಪ ಮೊಣಕೈಯಿಂದ ನನ್ನನ್ನು ತಿವಿದು, "ನಿದ್ದೆ ವಿಷ್ಯ ಹೇಳೇ ಮಾರಾಯ್ತಿ, ಅಲ್ಲಿ ಮಗು ಇದೆ" ಅಂದರು. "ಸುಮ್ನಿರಿ, ಹೊರಡೋ ಹೊತ್ನಲ್ಲಿ ಅವಳನ್ನ ಹೆದರಿಸ್ಬೇಡಿ. ಆಮೇಲೆ ಫೋನ್ ಮಾಡಿ ಹೇಳ್ತೀನಿ" ಅಂದೆ. ಮಾಡಲಿಲ್ಲ.

ನೀನು ಬೇಡ ಅಂದುಬಿಡುತ್ತೀಯ ಅನ್ನುವ ಭಯ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳು. ಹೇಳಿದ್ದರೆ ನೀನು "ಯಾಕಮ್ಮ ಹಾಗೆ ಬೆಚ್ತಾಳೆ?" ಅಂತ ಕೇಳುತ್ತಿದ್ದೆ. ಐದು ವರ್ಷ ನಮ್ಮಲ್ಲಿದ್ದಳು. ಕಾಲು ತಿಕ್ಕಿದೆವು, ಉಗುರು ಕತ್ತರಿಸಿದೆವು, ಗೆದ್ದಾಗ ತಬ್ಬಿಕೊಂಡು ಫೋಟೋ ತೆಗೆಸಿಕೊಂಡೆವು. ಮಲಗಿದ್ದಾಗ ಒಮ್ಮೆಯೂ ಯಾರೂ ಅವಳ ಪಕ್ಕ ಕೂತಿರಲಿಲ್ಲ, ನಿದ್ದೆಯಲ್ಲಿ ಕೈ ತಾಗಿದರೆ ಬೆಚ್ಚುವುದು ಅದಕ್ಕೇ. ಇದನ್ನು ನಿನ್ನ ಮುಖ ನೋಡಿ ಹೇಳಲು ನನಗೆ ನಾಚಿಕೆಯಾಯಿತು. ಕೊನೆಗೆ ಪೆಟ್ಟು ತಿಂದದ್ದು ನಿನ್ನ ಕೂಸು.

ಸೂಜಿ ಹಾಕಿಸಬೇಡ. ಇಟ್ಟುಕೋ ಅಂತ ಕೇಳಲು ನನಗೆ ಮುಖವಿಲ್ಲ, ನಿನ್ನಪ್ಪನ ಜೊತೆ ವಾಪಸ್ ಕಳಿಸು. ಕ್ಲೋಡಾ ಕೇಳಿದರೆ, ತಪ್ಪು ಪೆಗ್ಗಿಯದಲ್ಲ, ಅಜ್ಜಿಯದು ಅಂತಲೇ ಹೇಳು.

ಎದುರಿಗೆ ಬರಲು ಧೈರ್ಯ ಸಾಲದ
ನಿನ್ನ ಅಮ್ಮ,
ಬ್ರೀಜ್

ತಾ. ಕ.: ಇನ್ನೊಂದನ್ನೂ ಬಚ್ಚಿಟ್ಟಿದ್ದೆ. ನೀನು ಪೆಗ್ಗಿಯನ್ನು ಕರೆದೊಯ್ದ ಮಾರನೇ ದಿನವೇ ಅವಳ ಗೂಡಿಗೆ ಹೊಸ ಮರಿ ಬಂತು. ಗೂಡು ಖಾಲಿಯಾಗಲಿ ಅಂತಲೇ ಆವತ್ತು ನಿನ್ನನ್ನು ಅಷ್ಟು ಅವಸರಪಡಿಸಿದ್ದು. ಪೆಗ್ಗಿ ಬಂದರೆ ಮನೆಯೊಳಗೆ ನಮ್ಮ ಜೊತೆಯೇ ಇರುತ್ತಾಳೆ, ನಿನ್ನಪ್ಪನಿಗೆ ಹೇಳಿಯಾಯಿತು. ಈ ಸಾಲುಗಳನ್ನು ಗೂಡಿನೊಳಗೆ ಹುಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮರಿ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದೆ. "ಮುದ್ದು ಮಾಡಿ ಕೆಡಿಸ್ತೀಯ ಅದನ್ನ, ಏಳೇ, ಕಾಗದ ಕೊಡು!" ಅಂತ ನಿನ್ನಪ್ಪ ಕಾರಿನ ಹತ್ತಿರದಿಂದ ಕೂಗುತ್ತಿದ್ದಾರೆ. ಬೇಕಾದರೆ ಅವರೇ ಬಂದು ತೆಗೆದುಕೊಳ್ಳಲಿ. ನಾನು ಏಳುವುದಿಲ್ಲ.